ಅಳದ ಮಗು

ಮೊಮ್ಮಗಳು ಹುಟ್ಟಿದ ಮೂರನೆಯ ದಿನ ಬೆಳಿಗ್ಗೆ, ದೊಡ್ಡಬಳ್ಳಾಪುರದ ನರ್ಸಿಂಗ್ ಹೋಮಿನಲ್ಲಿ ನರ್ಸ್ ಹುಡುಗಿಯೊಬ್ಬಳು ಬಂದು ಮಗುವಿನ ಹಿಮ್ಮಡಿಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದಳು. ಆ ವಾಸನೆ ನನ್ನ ಮೂಗಿಗೆ ಬರುವಷ್ಟರಲ್ಲಿ ಸೂಜಿ ಚುಚ್ಚಿಯೂ ಆಗಿತ್ತು. ರಕ್ತದ ಹನಿಗಳನ್ನು ಒಂದು ದಪ್ಪ ಕಾಗದದ ಮೇಲೆ ಇಳಿಸಿಕೊಂಡಳು. ಮಗು ಮೈಯೆಲ್ಲ ಕೆಂಪಗೆ ಮಾಡಿಕೊಂಡು ಚೀರಿತು. ಮಂಚದ ಮೇಲಿದ್ದ ನನ್ನ ಮಗಳು ಕಾವ್ಯ ನೋಡಲಾರದೆ ಗೋಡೆಯ ಕಡೆ ತಿರುಗಿಕೊಂಡಳು. ನಾನೊಬ್ಬಳು ಮಾತ್ರ ನಗುತ್ತ ನಿಂತಿದ್ದೆ.

"ಏನಜ್ಜಿ, ಮಗು ಅಷ್ಟೊಂದು ಅಳ್ತಿದ್ರೆ ನೀವು ನಗ್ತಿದೀರಲ್ಲ?" ಎಂದಳು ನರ್ಸ್.

"ಅಳ್ಲಿ ಬಿಡಮ್ಮ, ಒಳ್ಳೇದು" ಎಂದೆ.

ಯಾರಾದರೂ ಅಜ್ಜಿ ಎಂದರೆ ಹಿಂದೆ ಯಾರೋ ಮುದುಕಿ ಇರಬೇಕೆಂದು ತಿರುಗಿ ನೋಡುವ ನನ್ನ ಚಟ ಇನ್ನೂ ಹೋಗಿಲ್ಲ. ಅದು ಬೇರೆ ಮಾತು. ನೀವೂ ನನ್ನನ್ನು ಕಲ್ಲೆದೆಯವಳು ಎಂದುಕೊಳ್ಳುವ ಮೊದಲು ನನ್ನ ತಂಗಿ ಸರೋಜಳ ವಿಷಯ ಹೇಳಿಬಿಡುತ್ತೇನೆ. ಅವಳು ಅಳದ ಮಗು.

ನಮ್ಮೂರು ದೊಡ್ಡಬೆಳವಂಗಲ. ರಾಗಿ ಹೊಲ, ಎರಡು ಹಸು, ಹೆಂಚಿನ ಮನೆ. ನಾನು ಹಿರಿಯವಳು, ಆಮೇಲೆ ತಮ್ಮ ನಾರಾಯಣ, ಕೊನೆಯವಳು ಸರೋಜ, ಮನೆಯವರ ಬಾಯಲ್ಲಿ ಸರೋಜಿ. ಅವಳು ಹುಟ್ಟಿದಾಗ ಊರ ಹೆಂಗಸರು ನೋಡಲು ಬಂದು ಅಮ್ಮನ ಅದೃಷ್ಟಕ್ಕೆ ಹೊಟ್ಟೆ ಉರಿದುಕೊಂಡು ಹೋಗುತ್ತಿದ್ದರು. ಮಗು ರಚ್ಚೆ ಹಿಡಿಯುತ್ತಿರಲಿಲ್ಲ, ರಾತ್ರಿ ಎಬ್ಬಿಸುತ್ತಿರಲಿಲ್ಲ. ಹಾಲಿಗೂ ಅಮ್ಮನೇ ಕೆನ್ನೆ ತಟ್ಟಿ ಎಚ್ಚರಿಸಬೇಕಿತ್ತು. ಎರಡು ಗುಟುಕು ಕುಡಿದು ಮತ್ತೆ ನಿದ್ದೆ. "ಇಂಥ ಮಗೀನ ಹತ್ತಾದ್ರೂ ಸಾಕ್ಬೋದು" ಎಂದು ನಮ್ಮಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಮೈ ಹಳದಿಯಾಗಿದ್ದದ್ದು ಬಹಳ ದಿನ ಇಳಿಯಲಿಲ್ಲ. ನಾಲಿಗೆ ತುಸು ಹೊರಗೇ ಇರುತ್ತಿತ್ತು. ಅದನ್ನೂ ಎಲ್ಲರೂ ಮುದ್ದು ಎಂದರು.

ಆಮೇಲೆ ಕೂರುವ ಕಾಲಕ್ಕೆ ಮಗು ಕೂರಲಿಲ್ಲ. ನಿಲ್ಲುವ ಕಾಲಕ್ಕೆ ನಿಲ್ಲಲಿಲ್ಲ. ಓರಗೆಯ ಮಕ್ಕಳು ಸ್ಲೇಟು ಹಿಡಿದು ಶಾಲೆಗೆ ಹೊರಟಾಗ ಇವಳು ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದಳು. ಕುಳ್ಳಗೆ ಉಳಿದಳು. ಚರ್ಮ ಒರಟು, ದನಿ ಗೊಗ್ಗರು, ಕತ್ತಿನ ಮುಂಭಾಗದಲ್ಲಿ ಸಣ್ಣ ಊತ. ಕರೆದರೆ ನೋಡುತ್ತಿದ್ದಳು, ಆದರೆ ಆ ನೋಟ ಬಾವಿಯಿಂದ ಕೊಡ ಮೇಲೆ ಬರುವಷ್ಟು ನಿಧಾನವಾಗಿ ಬರುತ್ತಿತ್ತು.

ಈಗ ಕಾರಣ ಹುಡುಕುವ ಕೆಲಸ ಶುರುವಾಯಿತು. ಊರಲ್ಲಿ ಕಾರಣಗಳಿಗೆ ಬರವಿರಲಿಲ್ಲ. ಅಮ್ಮ ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಾಳೆ ಎಂದರು. ನಾಗದೋಷ ಎಂದರು. ಘಾಟಿಯ ದೇವಸ್ಥಾನಕ್ಕೆ ಹೋಗಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಬಂದದ್ದಾಯಿತು. ಕೊನೆಗೆ ಶಾಲೆಯ ಮೇಷ್ಟ್ರು ಒಂದು ದಿನ ಜಗಲಿಯ ಮೇಲೆ ಕೂತು, "ಇದು ಹತ್ತಿರದ ಸಂಬಂಧದಲ್ಲಿ ಕೊಟ್ಟು ತಂದಿದ್ದಕ್ಕೆ ಆಗಿರೋದು" ಎಂದು ಹೇಳಿ ಹೋದರು.

ಇಲ್ಲಿ ನಮ್ಮ ಮನೆಯ ಸಂಬಂಧದ ಲೆಕ್ಕ ಸ್ವಲ್ಪ ಹೇಳಬೇಕು. ನಮ್ಮಪ್ಪ ನಮ್ಮಮ್ಮನಿಗೆ ಸ್ವಂತ ಸೋದರಮಾವ. ಅಂದರೆ ಅಜ್ಜಿ ತನ್ನ ಮಗಳನ್ನು ತನ್ನ ತಮ್ಮನಿಗೇ ಕೊಟ್ಟಿದ್ದಳು. ಹಾಗಾಗಿ ಅವಳು ನನಗೆ ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ನಾನು ಮುಂದೆ ಗಣಿತದ ಟೀಚರಾಗಿ ಮೂವತ್ತು ಚಿಲ್ಲರೆ ವರ್ಷ ಪಾಠ ಮಾಡಿದೆ, ಆದರೆ ಇಷ್ಟು ತೊಡಕಿನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದದ್ದಿಲ್ಲ. ನಮ್ಮ ಕಡೆ ಇದು ಹೊಸತೇನಲ್ಲ. ಕಣ್ಣೆದುರಿಗೆ ಬೆಳೆದ ಹುಡುಗ, ಗೊತ್ತಿರುವ ಮನೆ, ಮಗಳು ದೂರ ಹೋಗುವುದಿಲ್ಲ ಎಂದು ಅಜ್ಜಿ ಮಾಡಿದ್ದಳು.

ಮೇಷ್ಟ್ರ ಮಾತು ಅಜ್ಜಿಯ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಸರೋಜಿಗೆ ನೀರು ಹಾಕುವುದು, ಬಟ್ಟೆ ತೊಡಿಸುವುದು, ತುತ್ತಿಡುವುದು ಎಲ್ಲ ಅವಳೇ. ಅಮ್ಮ ಕೈಹಾಕಲು ಹೋದರೆ, "ಬಿಡು, ನಾನ್ ಮಾಡಿದ್ದನ್ನ ನಾನೇ ಉಣ್ತೀನಿ" ಎನ್ನುತ್ತಿದ್ದಳು. ಅಮ್ಮ ಎದುರು ಮಾತಾಡುತ್ತಿರಲಿಲ್ಲ. ಒಂದು ಸಲ ಮಾತ್ರ, ಯಾವುದೋ ಜಗಳದ ಬಿಸಿಯಲ್ಲಿ, "ನಿನ್ನ ತಮ್ಮನ್ನ ಬಿಟ್ರೆ ನಂಗೆ ಪ್ರಪಂಚದಲ್ಲಿ ಬೇರೆ ಗಂಡೇ ಇರ್ಲಿಲ್ವ ಅವ್ವ?" ಎಂದಿದ್ದಳು. ಅಜ್ಜಿ ಆವತ್ತು ಉಣ್ಣಲಿಲ್ಲ.

ನಾನು ಸರೋಜಿಗೆ ಮೇಡಮ್ಮಾಗಿ ಪಾಠ ಹೇಳಲು ಹೊರಟದ್ದು ಆ ದಿನಗಳಲ್ಲೇ. ಅವರೆಕಾಳು ಮುಂದಿಟ್ಟುಕೊಂಡು, "ಮೂರು ಕಾಳು ಕೊಡು" ಎನ್ನುತ್ತಿದ್ದೆ. ಅವಳು ಒಂದು ಹಿಡಿ ಕೊಡುತ್ತಿದ್ದಳು. "ಒಂದು ಕೊಡು" ಎಂದರೂ ಒಂದು ಹಿಡಿ. ಲೆಕ್ಕ ಬರಲಿಲ್ಲ, ಕೈ ಮಾತ್ರ ಧಾರಾಳ. ನನ್ನ ಮೊದಲ ಶಿಷ್ಯೆಯೇ ಫೇಲಾದರೂ ನಾನು ಅದೇ ಕಸುಬಿಗೆ ಹೋದೆನಲ್ಲ, ಅದು ನನ್ನ ಧೈರ್ಯ.

ನಾನು ಹೈಸ್ಕೂಲಿನಲ್ಲಿದ್ದಾಗ ಊರಿನ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಒಬ್ಬ ಲೇಡಿ ಡಾಕ್ಟರು ಬಂದರು. ನನಗೆ ಜ್ವರ ಎಂದು ಅಮ್ಮ ಕರೆದುಕೊಂಡು ಹೋದಳು. ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಸರೋಜಿಯೂ ಜೊತೆಗೆ. ಡಾಕ್ಟರು ನನ್ನ ನಾಡಿ ಹಿಡಿದಿದ್ದರು, ಕಣ್ಣು ಮಾತ್ರ ಬೆಂಚಿನ ಮೇಲಿದ್ದ ಸರೋಜಿಯ ಮೇಲೆ. ಎದ್ದು ಹೋಗಿ ಅವಳ ಕತ್ತು ಮುಟ್ಟಿದರು, ಚರ್ಮ ಸವರಿದರು, ಮಾತಾಡಿಸಿದರು. ಆಮೇಲೆ ಅಮ್ಮನನ್ನು ಕೇಳಿದರು:

"ಈ ಮಗು ಹುಟ್ಟಿದಾಗ ಚೆನ್ನಾಗಿ ಅಳ್ತಿತ್ತೇನಮ್ಮ?"

ಅಮ್ಮ ಹೆಮ್ಮೆಯಿಂದಲೇ ಹೇಳಿದಳು: "ಇಲ್ಲ ಮೇಡಂ, ಬಲೇ ಒಳ್ಳೆ ಮಗು. ಹಾಲಿಗೂ ನಾವೇ ಎಬ್ಬಿಸ್ಬೇಕಿತ್ತು."

ಡಾಕ್ಟರು ಕೂತು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು.

ಬೆಂಗಳೂರಿಗೆ ಅಮ್ಮ, ನಾನು, ಸರೋಜಿ ಹೋದೆವು. ಓದಿದವಳು ಒಬ್ಬಳಿರಲಿ ಎಂದು ನನ್ನನ್ನು ಕರೆದುಕೊಂಡಿದ್ದರು. ನಾನು ದಾರಿಯುದ್ದಕ್ಕೂ ಬಸ್ಸಿನ ಬೋರ್ಡುಗಳನ್ನು ಗಟ್ಟಿಯಾಗಿ ಓದಿ ನನ್ನ ವಿದ್ಯೆ ತೋರಿಸಿದೆ. ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಕತ್ತಿನ ಪರೀಕ್ಷೆ ಮಾಡಿದರು. ಕೆಲವು ವಾರಗಳಾದ ಮೇಲೆ ಮತ್ತೆ ಹೋದಾಗ ಅಲ್ಲಿನ ಹಿರಿಯ ಡಾಕ್ಟರು ಅಮ್ಮನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಕತ್ತಿನಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆ. ಅದರ ರಸ ಇಲ್ಲದಿದ್ದರೆ ಎಳೆಮಗುವಿನ ಮೈ ಮಾತ್ರವಲ್ಲ, ಮೆದುಳೂ ಬೆಳೆಯುವುದಿಲ್ಲ. ಕೆಲವರಿಗೆ ಗ್ರಂಥಿಯೇ ಇರುವುದಿಲ್ಲ. ಕೆಲವು ಕಡೆ ತಾಯಂದಿರ ಊಟದಲ್ಲಿ ಅಯೋಡಿನ್ ಕಡಿಮೆಯಾಗಿ ಹೀಗಾಗುತ್ತದೆ. ಸರೋಜಿಗೆ ಗ್ರಂಥಿ ಇದೆ, ಇರಬೇಕಾದ ಜಾಗದಲ್ಲೇ ಇದೆ, ಕೆಲಸ ಮಾಡುತ್ತಿಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಬದುಕಿರುವವರೆಗೆ.

"ಬುದ್ಧಿ ಬರ್ತದಾ ಸ್ವಾಮಿ?" ಎಂದಳು ಅಮ್ಮ.

"ಮೈ ಬೆಳೆಯುತ್ತೆ. ಚುರುಕಾಗ್ತಾಳೆ. ಬುದ್ಧಿ ಮಾತ್ರ ಹೆಚ್ಚೇನೂ ಆಗ್ಲಿಕ್ಕಿಲ್ಲ ತಾಯಿ. ಹುಟ್ಟಿದ ಮೊದಲ ತಿಂಗಳಲ್ಲೇ ಗೊತ್ತಾಗಿದ್ದಿದ್ರೆ..."

"ಗೊತ್ತಾಗಿದ್ದಿದ್ರೆ?"

ಅವರು ನನ್ನ ಕಡೆ ಕೈ ತೋರಿಸಿದರು. "ಈ ಮಗಳ ಥರಾನೇ ಇರ್ತಿದ್ಲು."

ಅಮ್ಮ ನನ್ನನ್ನೊಮ್ಮೆ, ಸರೋಜಿಯನ್ನೊಮ್ಮೆ ನೋಡಿದಳು. ನಾನು ಉದ್ದಲಂಗದಲ್ಲಿ, ಕೈಯಲ್ಲಿ ಬಸ್ಸಿನ ಟಿಕೆಟು ಹಿಡಿದು ನಿಂತಿದ್ದೆ. ಎಲ್ಲಿ ಕೈಯಿಡಬೇಕು, ಎಲ್ಲಿ ನೋಡಬೇಕು ತಿಳಿಯಲಿಲ್ಲ. ಅಮ್ಮ ಕೊನೆಗೆ, ಎಷ್ಟೋ ವರ್ಷ ಒಳಗಿಟ್ಟುಕೊಂಡದ್ದನ್ನು ಕೇಳಿದಳು: "ನಾನು ಸೋದರಮಾವನ್ನೇ ಮಾಡ್ಕೊಂಡಿದೀನಿ. ಅದ್ಕೇನಾ ಇದು?"

"ಇರಬಹುದು" ಎಂದರು ಡಾಕ್ಟರು. "ಗ್ರಂಥಿ ಇದ್ದೂ ಕೆಲಸ ಮಾಡದೆ ಇರೋದು ಸಾಮಾನ್ಯವಾಗಿ ವಂಶದಲ್ಲಿ ಬರೋ ದೋಷ. ಅದು ಒಬ್ಬರಲ್ಲಿದ್ರೆ ಏನೂ ಮಾಡದೆ ಅಡಗಿರುತ್ತೆ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ದೋಷ ಅಡಗಿದ್ರೆ ಹುಟ್ಟೋ ಮಗುವಿನಲ್ಲಿ ಕಾಣಿಸಿಕೊಳ್ಳಬಹುದು. ಒಂದೇ ಮನೆತನದವರಲ್ಲಿ ಹಾಗಾಗೋದು ಜಾಸ್ತಿ. ಆದರೆ ಅದು ಬುದ್ಧಿಗೆ ತಟ್ಟದ ಹಾಗೆ ತಡೀಬಹುದಿತ್ತು. ಗೊತ್ತಾಗದೆ ಹೋಗಿದ್ದು ನಿಮ್ಮ ತಪ್ಪಲ್ಲ."

ಮಾತ್ರೆ ಶುರುವಾಯಿತು. ಕೆಲವೇ ತಿಂಗಳಲ್ಲಿ ಸರೋಜಿಯ ಮುಖದ ಊತ ಇಳಿಯಿತು, ಕೂದಲು ಮಿನುಗಿತು, ಲಂಗಗಳು ಗಿಡ್ಡವಾದವು. ಹಸಿವು ಬಂತು. ಹಸಿವಿನ ಜೊತೆಗೆ ಸಿಟ್ಟೂ ಬಂತು. ಇಟ್ಟ ಕಡೆ ಇರುತ್ತಿದ್ದ ಹುಡುಗಿ ತಟ್ಟೆ ಎಸೆಯಲು ಕಲಿತಳು, ಬೀದಿಗೆ ಓಡಲು ಕಲಿತಳು. ಒಂದು ದಿನ ನಾನು ಅವಳ ಕೈಯಿಂದ ಕಡಲೆಕಾಯಿ ಕಿತ್ತುಕೊಳ್ಳಲು ಹೋದಾಗ ನನ್ನ ಕೆನ್ನೆಗೆ ಒಂದು ಕೊಟ್ಟು, "ಕೊಡಲ್ಲ ಹೋಗೇ!" ಎಂದಳು. ಅಷ್ಟು ಸ್ಪಷ್ಟವಾದ ಮಾತು ಅವಳ ಬಾಯಲ್ಲಿ ಅದೇ ಮೊದಲು. ನಾನು ಅಳುತ್ತ ಹೋಗಿ ದೂರು ಹೇಳಿದರೆ ಅಮ್ಮ ನನಗೆ ಸಮಾಧಾನ ಹೇಳುವುದು ಬಿಟ್ಟು, "ಏನಂದ್ಲು? ಇನ್ನೊಂದ್ಸಲ ಹೇಳು" ಎಂದು ನಗುತ್ತ ಕಣ್ಣೊರೆಸಿಕೊಂಡಳು.

ಅಜ್ಜಿಗೆ ಮಾತ್ರ ಇದು ಹಿಡಿಸಲಿಲ್ಲ. "ಬಂಗಾರದಂಥ ಮಗೀಗೆ ಏನೋ ತಿನ್ಸಿ ಹುಚ್ಚು ಹಿಡಿಸ್ತಾ ಅವ್ರೆ. ನಿಲ್ಸು ಆ ಮಾತ್ರೆ" ಎಂದು ಹಟ ಹಿಡಿದಳು. ಮಾತ್ರೆಯ ಡಬ್ಬಿಯನ್ನು ರಾಗಿ ಗುಡಾಣದಲ್ಲಿ ಬಚ್ಚಿಟ್ಟಳು. ಅಮ್ಮ ಹುಡುಕಿ ತೆಗೆದು, ಅಜ್ಜಿಯ ಎದುರಿಗೆ ಕೂತಳು.

"ಅವ್ವ, ಅದು ಒಳ್ಳೆ ಮಗು ಆಗಿರ್ಲಿಲ್ಲ. ಕಾಯಿಲೆ ಬಿದ್ದಿತ್ತು. ನಮಗೆ ಗೊತ್ತಾಗ್ಲಿಲ್ಲ."

ಅಜ್ಜಿ ಸೆರಗಿನ ತುದಿ ಹಿಸುಕುತ್ತ ಕೇಳಿದಳು: "ಕಾಯಿಲೆ ಅಂದ್ರೆ... ನಾನ್ ಕೊಟ್ಟು ಮಾಡಿದ್ದಕ್ಕಲ್ವ ಇದು?"

ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದೆ. ಅಮ್ಮ ನನ್ನ ಕಡೆ ಒಂದು ನೋಟ ಬೀರಿದಳು. ಆ ನೋಟದ ಅರ್ಥ, ನೀನು ಬಾಯಿ ಬಿಡಬೇಡ.

"ಅಲ್ವಂತೆ ಅವ್ವ. ಸಂಬಂಧಕ್ಕೂ ಅದಕ್ಕೂ ಏನೂ ಇಲ್ವಂತೆ. ದೊಡ್ಡ ಡಾಕ್ಟರೇ ಹೇಳಿದ್ರು."

ಆವತ್ತು ಸಂಜೆ ಸರೋಜಿಗೆ ತಲೆ ಬಾಚಲು ಅಜ್ಜಿ ಅಮ್ಮನನ್ನು ಕರೆದಳು. "ನೀನೇ ಬಾಚು, ನಂಗೆ ಕೈ ನೋಯ್ತದೆ" ಎಂದಳು. ಅಜ್ಜಿ ಸಾಯುವವರೆಗೂ ಅದೇ ನಂಬಿಕೆಯಲ್ಲಿದ್ದಳು. ಮನೆಯಲ್ಲಿ ಉಳಿದವರೂ ಅದನ್ನೇ ನಂಬಿದರು. ಅಮ್ಮ ಯಾರಿಗೂ ತಿದ್ದಿ ಹೇಳಲಿಲ್ಲ.

ಡಾಕ್ಟರು ಹೇಳಿದ ಹಾಗೆಯೇ ಆಯಿತು. ಸರೋಜಿಯ ಮೈ ಬೆಳೆಯಿತು, ಮಾತು ಬಂತು, ಅಕ್ಷರ ಮತ್ತು ಲೆಕ್ಕ ಬರಲಿಲ್ಲ. ನನ್ನನ್ನು ನೋಡಲು ಗಂಡಿನವರು ಬರುವ ದಿನ ಅವಳನ್ನು ಪಕ್ಕದ ಮನೆಯಲ್ಲಿ ಕೂರಿಸುತ್ತಿದ್ದರು. ತಂಗಿ ಹೀಗಿದ್ದಾಳೆ ಎಂದು ಗೊತ್ತಾದರೆ ಅಕ್ಕನ ಹೊಟ್ಟೆಯಲ್ಲೂ ಹಾಗೇ ಹುಟ್ಟೀತು ಎನ್ನುವವರೇ ಎಲ್ಲ. ಸೂಲಿಬೆಲೆಯಿಂದ ಒಬ್ಬರು ಬಂದ ದಿನ ಕೇಸರಿಬಾತಿನ ವಾಸನೆ ಪಕ್ಕದ ಮನೆಗೂ ಹೋಗಿರಬೇಕು. ಸರೋಜಿ ನೆಟ್ಟಗೆ ನಡೆದು ಬಂದು, ಗಂಡಿನ ಪಕ್ಕದಲ್ಲೇ ಕೂತು, ಅವರ ತಟ್ಟೆಗೆ ಕೈ ಹಾಕಿದಳು. ಅಪ್ಪ ತಲೆ ತಗ್ಗಿಸಿದರು. ಆ ಮನುಷ್ಯ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು, "ಇನ್ನೊಂಚೂರು ಬೇಕೇನಮ್ಮ?" ಎಂದರು. ನಾನು ಒಳಗಿನಿಂದ ನೋಡುತ್ತಿದ್ದೆ. ಆಗಲೇ ಒಪ್ಪಿಬಿಟ್ಟೆ. ಅವರು ನನ್ನನ್ನು ಒಪ್ಪುತ್ತಾರೋ ಇಲ್ಲವೋ ಎಂಬುದು ನನಗೆ ಹೊಳೆದದ್ದೇ ಆಮೇಲೆ.

ಅಪ್ಪ ಅಮ್ಮ ಹೋದ ಮೇಲೆ ಸರೋಜಿ, ನಾನು ಆ ಸೂಲಿಬೆಲೆಯವರನ್ನೇ ಮದುವೆಯಾಗಿ ನೆಲೆಸಿದ್ದ ದೊಡ್ಡಬಳ್ಳಾಪುರದ ನಮ್ಮ ಮನೆಗೇ ಬಂದಳು. ಇಂಥವರಿಗಾಗಿ ಇದ್ದ ಒಂದು ಹಗಲು ಶಾಲೆಗೆ ಅವಳನ್ನು ಕೆಲವು ವರ್ಷ ಕಳಿಸಿದೆ. ಅಲ್ಲಿ ಬಿಡಲು, ಕರೆತರಲು ಬರುವ ತಾಯಂದಿರ ಜೊತೆ ಜಗಲಿಯ ಮೇಲೆ ಕೂರುತ್ತಿದ್ದೆ. ಒಬ್ಬಳ ಮಗ ಹೆರಿಗೆಯಲ್ಲಿ ಬಹಳ ಹೊತ್ತು ಸಿಕ್ಕಿಕೊಂಡು, ಉಸಿರು ಕಟ್ಟಿ ನೀಲಿಯಾಗಿ ಹುಟ್ಟಿದವನು. ಒಬ್ಬಳ ಮಗಳು ಚೆನ್ನಾಗಿ ಆಡಿಕೊಂಡಿದ್ದು ಮೆದುಳು ಜ್ವರ ಬಂದ ಮೇಲೆ ಹೀಗಾದವಳು. ಇನ್ನೊಬ್ಬಳ ಮಗನಿಗೆ ಬಸುರು ನಿಂತಾಗಲೇ ಕ್ರೋಮೋಸೋಮು ಒಂದು ಹೆಚ್ಚಾಗಿತ್ತಂತೆ. ಅವಳೂ ಗಂಡನೂ ಬೇರೆ ಬೇರೆ ಜಿಲ್ಲೆಯವರು, ಸಂಬಂಧದ ಮಾತೇ ಇಲ್ಲ. ಕಾರಣ ಒಬ್ಬೊಬ್ಬರದು ಒಂದೊಂದು. ಬೈಸಿಕೊಂಡವಳು ಮಾತ್ರ ಎಲ್ಲ ಮನೆಯಲ್ಲೂ ತಾಯಿಯೇ. ಅಲ್ಲಿ ಕೂತು ಕೇಳುತ್ತಿದ್ದಾಗ, ಅಮ್ಮ ಅಜ್ಜಿಗೆ ಹೇಳಿದ ಆ ಸುಳ್ಳು ಎಷ್ಟು ದೊಡ್ಡ ಉಪಕಾರವಾಗಿತ್ತು ಎನ್ನಿಸುತ್ತಿತ್ತು.

ಆದರೆ ಸುಳ್ಳಿಗೂ ಒಂದು ಅವಧಿ ಇರುತ್ತದೆ ಎಂದು ಕಾಣುತ್ತದೆ. ಮೂರು ವರ್ಷದ ಹಿಂದೆ ಕಾವ್ಯ ನನ್ನ ಹತ್ತಿರ ಬಂದು, ತಾನು ಮಂಜುವನ್ನು ಮದುವೆಯಾಗುತ್ತೇನೆ ಎಂದಳು. ಮಂಜು ನನ್ನ ತಮ್ಮ ನಾರಾಯಣನ ಮಗ. ನಮ್ಮಲ್ಲಿ ಸೋದರಮಾವನ ಮಗ ಎಂದರೆ ಒಪ್ಪಿತವಾದ ಸಂಬಂಧ. ನಾರಾಯಣ ಅದೇ ದಿನ ಮೈಸೂರುಪಾಕು ಹಿಡಿದುಕೊಂಡು ಬಂದ. ನಾನು ಬೇಡ ಎಂದೆ.

"ಯಾಕಕ್ಕ? ನನ್ ಮಗನಲ್ಲಿ ಏನ್ ಕೊರತೆ?"

"ಹುಡುಗನಲ್ಲಿ ಏನೂ ಇಲ್ಲ ಕಣೋ. ಸರೋಜಿ ವಿಷಯ."

"ಅದು ಸಂಬಂಧದಿಂದ ಆಗಿದ್ದಲ್ಲ ಅಂತ ಅಮ್ಮನೇ ಹೇಳಿದ್ಲಲ್ಲ?"

"ಅಜ್ಜಿಗೋಸ್ಕರ ಹೇಳಿದ್ಲು. ಡಾಕ್ಟರು ಹಂಗೆ ಹೇಳ್ಲಿಲ್ಲ. ನಾನು ಅಲ್ಲೇ ಇದ್ದೆ."

ನಾರಾಯಣ ನಂಬಲಿಲ್ಲ. ನಾನು ಮಗಳನ್ನು ಅವನ ಮನೆಗೆ ಕೊಡಲು ಇಷ್ಟವಿಲ್ಲದೆ ಸತ್ತ ತಾಯಿಯ ಮೇಲೆ ಸುಳ್ಳು ಹೊರಿಸುತ್ತಿದ್ದೇನೆ ಎಂದ. ಮೈಸೂರುಪಾಕು ಟೀಪಾಯಿಯ ಮೇಲೆ ಹಾಗೇ ಬಿಟ್ಟು ಎದ್ದುಹೋದ. ಆರು ತಿಂಗಳು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ನಾನು ಮಗಳ ಮುಖ ನೋಡಲಾರದೆ ಅಡಿಗೆಮನೆಯಲ್ಲೇ ಕಾಲ ಕಳೆದೆ. ಬೇಕಿಲ್ಲದಿದ್ದರೂ ಪಾತ್ರೆ ತಿಕ್ಕಿದೆ.

ದಾರಿ ಹುಡುಕಿದ್ದು ಮಕ್ಕಳೇ. ಇಬ್ಬರೂ ಸೇರಿ ಬೆಂಗಳೂರಿನಲ್ಲಿ ವಂಶವಾಹಿಗಳ ವಿಷಯ ನೋಡುವ ಡಾಕ್ಟರ ಹತ್ತಿರ ಹೋದರು. ಸರೋಜಿಯ ರಕ್ತ ಪರೀಕ್ಷೆಯಾಯಿತು, ಇವರದೂ ಆಯಿತು. ಸರೋಜಿಯಲ್ಲಿ ಕಂಡ ದೋಷವನ್ನು ಕಾವ್ಯ, ಮಂಜು ಇಬ್ಬರೂ ಒಂದೊಂದು ಪಾಲು ಹೊತ್ತಿದ್ದರು. ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಎಂದರಂತೆ. ಕಾವ್ಯ ಅದನ್ನು ನನಗೆ ಹೇಳಿ ಕಾಲ ಬಳಿ ಕೂತಳು.

"ಅಮ್ಮ, ತಡಿಯಕ್ಕಾಗದೇ ಇರೋದಾಗಿದ್ರೆ ನಾನೇ ಬೇಡ ಅಂತಿದ್ದೆ. ಇದು ಹಂಗಲ್ಲ. ಹುಟ್ಟಿದ ತಕ್ಷಣ ಟೆಸ್ಟ್ ಮಾಡಿಸ್ತೀವಿ. ಇದ್ರೆ ಮೊದಲ ವಾರಗಳಲ್ಲೇ ಮಾತ್ರೆ. ನಿಮ್ಮಮ್ಮಂಗೆ ಗೊತ್ತಿರ್ಲಿಲ್ಲ. ನಮಗೆ ಗೊತ್ತಿದೆ."

ಗಣಿತದ ಟೀಚರಿಗೆ ನಾಲ್ಕರಲ್ಲಿ ಒಂದು ಎಂದರೆ ಏನೆಂದು ಗೊತ್ತು. ತಾಯಿಗೆ ಆ ಒಂದು ಮಾತ್ರ ಕಾಣುತ್ತದೆ. ಆದರೂ ಒಪ್ಪಿದೆ. ನಾರಾಯಣ ವರದಿ ಓದಿದ ದಿನ ಬಂದು, ಬಾಗಿಲಲ್ಲೇ ನಿಂತು, "ಅಮ್ಮ ನನಗಾದ್ರೂ ಹೇಳ್ಬೋದಿತ್ತಕ್ಕ" ಎಂದ. ಅಷ್ಟೇ. ಮದುವೆಯಾಯಿತು. ಕಾವ್ಯ ಮೊದಲೂ ಅವನನ್ನು ಮಾವ ಎನ್ನುತ್ತಿದ್ದಳು, ಆಮೇಲೂ ಮಾವ ಎಂದಳು.

ಹಾಗಾಗಿ ಆ ಬೆಳಿಗ್ಗೆ ನರ್ಸಿಂಗ್ ಹೋಮಿನಲ್ಲಿ ಮಗು ಚೀರಿದಾಗ ನಾನು ನಕ್ಕದ್ದು. ನಕ್ಕರೂ ಮನಸ್ಸು ನಿರಾಳವಾಗಿರಲಿಲ್ಲ. ಈ ದೋಷವಿದ್ದರೂ ಎಷ್ಟೋ ಮಕ್ಕಳು ಎಲ್ಲರಂತೆಯೇ ಅಳುತ್ತವೆ, ಅಳುವನ್ನು ನಂಬಿ ಕೂರಬಾರದು, ಅದಕ್ಕೇ ಈ ಸೂಜಿ ಎಂದು ಮಕ್ಕಳ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಮನೆಗೆ ಬಂದ ಮೇಲೆ ಫೋನು ಬಂತು. ಥೈರಾಯ್ಡ್ ಅಂಶ ಹೆಚ್ಚು ಕಡಿಮೆ ಇದೆ, ಇನ್ನೊಮ್ಮೆ ರಕ್ತ ಕೊಡಿ ಎಂದರು. ಎರಡನೆಯ ಪರೀಕ್ಷೆಯೂ ಅದನ್ನೇ ಹೇಳಿತು. ಕಾವ್ಯ ಅಳಲಿಲ್ಲ. ಮಂಜು ಅಂಗಡಿಗೆ ಹೋಗಿ ಮಾತ್ರೆ ತಂದ.

ಈಗ ದಿನಾ ಬೆಳಿಗ್ಗೆ ಕಾವ್ಯ ಒಂದು ಸಣ್ಣ ಚೂರನ್ನು ಬೆಳ್ಳಿ ಚಮಚದಲ್ಲಿ ಪುಡಿ ಮಾಡಿ, ಎರಡು ಹನಿ ತನ್ನ ಹಾಲಿನಲ್ಲಿ ಕಲಸಿ ಮಗುವಿನ ಬಾಯಿಗೆ ಬಿಡುತ್ತಾಳೆ. ಮಗು ಚೆನ್ನಾಗಿದೆ. ದೀಪ ತೋರಿಸಿದರೆ ನೋಡುತ್ತದೆ, ರಾತ್ರಿಯೆಲ್ಲ ನಮ್ಮನ್ನು ಎಬ್ಬಿಸಿ ಕೂರಿಸುತ್ತದೆ.

ಮೊನ್ನೆ ಭಾನುವಾರ ನಾರಾಯಣ ಬಂದಿದ್ದ. ಕಾಫಿ ಕುಡಿಯುತ್ತ, ಮೊಮ್ಮಗಳನ್ನು ನೋಡುತ್ತ ಹೇಳಿದ: "ಸದ್ಯ, ಟೈಮಿಗೆ ಗೊತ್ತಾಯ್ತು. ಇಲ್ದಿದ್ರೆ ನಮ್ ಸರೋಜಿ ಥರ ಆಗ್ಬಿಡ್ತಿತ್ತು."

ಸರೋಜಿ ಅಲ್ಲೇ ನೆಲದ ಮೇಲೆ ಕೂತು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ತಲೆ ಅರ್ಧ ಬೆಳ್ಳಗಾಗಿದೆ. ಅವಳು ತಲೆಯೆತ್ತಿ ಕೇಳಿದಳು: "ನನ್ ಥರ ಆದ್ರೆ ಏನು?"

ನಾರಾಯಣ ಕಾಫಿ ಲೋಟದೊಳಗೆ ನೋಡಿದ. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದಳು. ಆಗ ನನಗೆ ಹೊಳೆಯಿತು, ಈ ಮನೆಯಲ್ಲಿ ಅವಳ ವಿಷಯವನ್ನು ಪೂಜಾರಿಗೆ ಹೇಳಿದ್ದೇವೆ, ಮೇಷ್ಟ್ರಿಗೆ ಹೇಳಿದ್ದೇವೆ, ಎಷ್ಟೋ ಡಾಕ್ಟರುಗಳಿಗೆ ಹೇಳಿದ್ದೇವೆ. ಅವಳಿಗೆ ಯಾರೂ ಹೇಳಿಲ್ಲ.

ನಾನು ಅವಳ ಪಕ್ಕದಲ್ಲಿ ಕೂತೆ. "ನೋಡು ಸರೋಜಿ, ನಿಂಗೆ ಹುಟ್ಟಿದಾಗ್ಲಿಂದ ಒಂದು ಕಾಯಿಲೆ. ಅದ್ಕೇ ನಿಂಗೆ ಓದೋದು, ಲೆಕ್ಕ ಮಾಡೋದು ಬರ್ಲಿಲ್ಲ. ಪಾಪೂಗೂ ಅದೇ ಕಾಯಿಲೆ. ಅವಳಿಗೆ ಮಾತ್ರೆ ಬೇಗ ಸಿಕ್ತು. ನಿಂಗೆ ತಡವಾಗಿ ಸಿಕ್ತು. ಅಷ್ಟೇ."

ಅವಳು ಒಂದು ಲಂಗೋಟಿಯನ್ನು ತೊಡೆಯ ಮೇಲಿಟ್ಟು ನಿಧಾನವಾಗಿ ನೀವಿದಳು. "ನಂಗ್ಯಾಕೆ ತಡ ಆಯ್ತು?"

"ಆಗ ನಮಗ್ಯಾರಿಗೂ ಗೊತ್ತಿರ್ಲಿಲ್ಲ ಕಣೆ. ಅಮ್ಮಂಗೂ ಗೊತ್ತಿರ್ಲಿಲ್ಲ, ಅಜ್ಜಿಗೂ ಗೊತ್ತಿರ್ಲಿಲ್ಲ."

ಅವಳು ಯೋಚಿಸಿದಳು. ಆಮೇಲೆ ನನ್ನ ಮೊಣಕಾಲನ್ನು ತಟ್ಟಿ, ಅಳುವವರಿಗೆ ಸಮಾಧಾನ ಹೇಳುವ ಹಾಗೆ ಹೇಳಿದಳು: "ನಂಗೂ ಗೊತ್ತಿರ್ಲಿಲ್ಲ, ಬಿಡಕ್ಕ."

ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೊರಟವಳು ನಾರಾಯಣನ ಮುಂದೆ ನಿಂತಳು. "ಅಣ್ಣ, ಕುಡ್ದಿದ್ ಲೋಟ ಇಲ್ಲೇ ಇಡ್ಬೇಡ. ತೊಳ್ದಿಡು" ಎಂದಳು. ಅವನು ಎದ್ದು ತೊಳೆದಿಟ್ಟ.